ಎಡೆಗೆ ಮುಂಚಿನ ಪಾಯಸ

ಐವತ್ತು ದಾಟಿದ ಗಂಡಸಿಗೆ ಇದ್ದಕ್ಕಿದ್ದಂತೆ ಚಡ್ಡಿ ಹಾಕುವ ಹುಚ್ಚು ಹಿಡಿದರೆ ಮನೆ ಹೆಂಗಸು ಏನು ಮಾಡಬೇಕು ಹೇಳಿ! ಈ ಪ್ರಶ್ನೆಗೆ ಉತ್ತರ ಕೊಡುವವರು ಭದ್ರಮ್ಮನಿಗೆ ಇಡೀ ನಾಗಸಂದ್ರದಲ್ಲಿ ಒಬ್ಬರೂ ಸಿಗಲಿಲ್ಲ. ಕೇಳಿದವರೆಲ್ಲ ಮೊದಲು ನಕ್ಕರು. ಹಾಲಿನ ಅಂಗಡಿ ನರಸಿಂಹಯ್ಯನಂತೂ, "ಏನಕ್ಕಾ, ಯಜಮಾನ್ರು ಬೆಳಬೆಳಿಗ್ಗೆ ಯಾರಿಂದ ತಪ್ಪಿಸ್ಕೊಂಡು ಓಡ್ತಾವ್ರೆ?" ಎಂದು ನಾಲ್ಕು ಜನರ ಮುಂದೆ ಕೇಳಿಬಿಟ್ಟ. ಅವತ್ತಿನಿಂದ ಹಾಲು ತರುವ ಕೆಲಸ ಸೊಸೆ ಯಮುನಾಳ ಪಾಲಿಗೆ ಬಂತು.

ಯಜಮಾನ್ರು ಅಂದರೆ ಹನುಮಂತರಾಯಪ್ಪ. ಪೀಣ್ಯದ ಕಾರ್ಖಾನೆಗಳು ಏಳುವ ಮುಂಚೆ ಅಲ್ಲೆಲ್ಲ ರಾಗಿ ಬೆಳೆದ ಮನೆತನ. ಹೊಲ ಹೋಗಿ ಶೆಡ್ಡುಗಳು ಬಂದ ಮೇಲೆ ಉಳಿದ ಹಿತ್ತಿಲಲ್ಲಿ ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ಬಾಡಿಗೆಯವರು ಬಹುಪಾಲು ಬಾಗಲಕೋಟೆ, ರಾಯಚೂರು ಕಡೆಯವರು. ಎದುರಿಗೆ ಸಿಕ್ಕರೆ 'ಮಾಲಕರ' ಎಂದು ಬದಿಗೆ ಸರಿದು ನಿಲ್ಲುತ್ತಿದ್ದರು. ಅಂಥ ಮಾಲೀಕ ಮೊಣಕಾಲು ತೋರಿಸಿಕೊಂಡು, ಮೂರನೇ ಮನೆಯ ಬಸಲಿಂಗನ ಹಿಂದೆ ತುಮಕೂರು ರಸ್ತೆ ಪಕ್ಕದಲ್ಲಿ ಏದುಸಿರು ಬಿಡುತ್ತ ಓಡುವುದೆಂದರೆ! ಬಸಲಿಂಗ ಲೇತ್ ಮಷೀನಿನ ಕೆಲಸದವನು, ಎರಡು ಮಕ್ಕಳ ತಂದೆ, ಊರಲ್ಲಿ ಚಿಕ್ಕಂದಿನಿಂದಲೂ ಓಡಿದವನು. ಅವನು ಓಡಲಿ ಪಾಪ. ಇವರಿಗೇನು ಬಂದಿತ್ತು ದಾಡಿ?

ಬಂದಿದ್ದು ಸಕ್ಕರೆ ಕಾಯಿಲೆ. ಅದು ಬಂದು ಎಷ್ಟೋ ವರ್ಷವಾಗಿತ್ತು, ಆದರೆ ಹೆದರಿಕೆ ಬಂದದ್ದು ಅಣ್ಣನ ಕಾಲು ಹೋದ ಮೇಲೆ. ಅಣ್ಣ ಬೈರಪ್ಪನದು ಪಕ್ಕದ ಮನೆ, ಅವನಿಗೂ ಇದೇ ಕಾಯಿಲೆ. ಚಪ್ಪಲಿ ಕಚ್ಚಿದ ಗಾಯ ಮಾಯಲಿಲ್ಲ. ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಕೊನೆಗೆ ಮೊಣಕಾಲವರೆಗೆ. ಈಗ ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೋಗಿ ಬರುವ ಲಾರಿ ನೋಡುತ್ತಾನೆ. ಆಸ್ಪತ್ರೆಯಿಂದ ಅಣ್ಣನನ್ನು ಕರೆತಂದ ಮಾರನೇ ದಿನವೇ ಹನುಮಂತರಾಯಪ್ಪ ನಡೆಯಲು ಶುರುಮಾಡಿದ. ಆರು ತಿಂಗಳಲ್ಲಿ ನಡಿಗೆ ಹೋಗಿ ಓಟವಾಯಿತು.

ಭದ್ರಮ್ಮನೂ ಸುಮ್ಮನೆ ಕೂತಿರಲಿಲ್ಲ. ಅವಳು ಸಕ್ಕರೆ ಎನ್ನುವ ಪದಾರ್ಥವನ್ನೇ ಮನೆಯಿಂದ ಹೊರಗೆ ಹಾಕಿದ್ದಳು. ಅತ್ತೆ ಹನುಮವ್ವನಿಂದ ಹಿಡಿದು ಮೊನ್ನೆ ಮೊನ್ನೆ ಬಂದ ಸೊಸೆಯವರೆಗೆ ಎಲ್ಲರಿಗೂ ಕಹಿ ಕಾಫಿ. ಬೆಲ್ಲ ಬರುತ್ತಿದ್ದುದು ಹಬ್ಬದ ದಿನ ಮಾತ್ರ, ಅದೂ ಅಷ್ಟಕ್ಕಷ್ಟೆ. ಮಗ ವಸಂತ್ ಟೆಂಪೋ ಬಾಡಿಗೆಗೆ ಓಡಿಸುವವನು, ಹೊರಗೆ ಹೋಟೆಲಿನಲ್ಲಿ ಕಾಫಿ ಕುಡಿದು ಬರುತ್ತಿದ್ದ. ಯಮುನಾಳಿಗೆ ಆ ಭಾಗ್ಯವೂ ಇರಲಿಲ್ಲ.

ನಾಗಸಂದ್ರಕ್ಕೆ ಮೆಟ್ರೋ ಬಂದ ವರ್ಷ ಅದು. ಒಂದು ಸಂಜೆ ಊಟಕ್ಕೆ ಕೂತಾಗ ಹನುಮಂತರಾಯಪ್ಪ ಮುದ್ದೆ ಮುರಿಯುತ್ತ, ಯಾರ ಮುಖವನ್ನೂ ನೋಡದೆ ಹೇಳಿದ. "ದೀಪಾವಳಿ ಕಳೆದ್ಮೇಲೆ ಒಂದು ರೇಸ್ ಐತೆ. ಹೆಸರು ಕೊಟ್ಟಿದೀನಿ."

"ಎಷ್ಟು ದೂರ?" ಭದ್ರಮ್ಮ ಸಾರಿನ ಸೌಟು ಹಿಡಿದೇ ಕೇಳಿದಳು.

"ಇಪ್ಪತ್ತೊಂದು ಕಿಲೋಮೀಟ್ರು."

"ಅಷ್ಟು ದೂರಕ್ಕೆ ನೆಲಮಂಗ್ಲ ದಾಟ್ಬೋದು! ಯಾಕೆ, ಬಸ್ಸಿಲ್ವಾ?"

ವಸಂತ್ ನಕ್ಕುಬಿಟ್ಟ. "ಅಮ್ಮ, ಊರಿಗೆ ಹೋಗೋಕಲ್ಲಮ್ಮ. ಸುಮ್ನೆ ಓಡೋದು."

"ಸುಮ್ನೆ ಓಡೋಕೆ ನಿಮ್ಮಪ್ಪಂಗೇನು ನಾಯಿ ಅಟ್ಟಿಸ್ಕೊಂಡ್ ಬಂದಿದ್ಯಾ? ಹೊಲದಲ್ಲಿ ಗೇಯ್ದಿದ್ ಸಾಲ್ದಾ?"

"ಹೊಲ ಎಲ್ಲೈತೆ ಈಗ?" ಎಂದ ಹನುಮಂತರಾಯಪ್ಪ. "ಕೂತ್ಕೊಂಡು ಬಾಡಿಗೆ ತಿಂತಿದೀನಿ. ಅಣ್ಣಾನೂ ಹಂಗೇ ಕೂತಿದ್ದು."

"ನಿಮಗೇನಾದ್ರೂ ಆದ್ರೆ?"

"ಏನೂ ಆಗಲ್ಲ."

"ನಡು ರೋಡಲ್ಲಿ ಎದೆ ಹಿಡ್ಕೊಂಡು ಬಿದ್ರೆ? ಹೇಳಿ, ಆಗ ನಾನೇನ್ ಮಾಡ್ಲಿ?"

ಅವನು ಅರ್ಧ ಮುದ್ದೆ ಬಿಟ್ಟು ಎದ್ದ. ಹನುಮವ್ವ ಗೋಡೆಗೆ ಒರಗಿ ಕೂತಲ್ಲಿಂದಲೇ, "ಮುದ್ದೆ ಬಿಟ್ಟೇಳೋ ಗಂಡಸು ಅದೆಷ್ಟು ದೂರ ಓಡ್ತಾನೋ ನಾನೂ ನೋಡ್ತೀನಿ" ಎಂದಳು.

ಆಮೇಲೆ ಮನೆಯಲ್ಲಿ ದಿನಕ್ಕೊಂದು ರಗಳೆ. ಒಂದು ದಿನ ಶೂಗಳ ಬೆಲೆ ಕೇಳಿ, "ನನ್ನ ಮದುವೆ ಸೀರೆಗೂ ಇಷ್ಟು ಸುರಿದಿರ್ಲಿಲ್ಲ ನಿಮ್ಮಪ್ಪ" ಎಂದು ಅವಳು ಕೂಗಾಡಿದಳು. ಇನ್ನೊಂದು ದಿನ ಅವನ ಬೆವರಿನ ಬನಿಯನ್ನು ಬೇರೆ ಬಕೆಟ್ಟಿಗೆ ಹಾಕಿ, ನೀವೇ ಒಗೆದುಕೊಳ್ಳಿ ಅಂದಳು. ಅವನು ಒಗೆದುಕೊಂಡ. ಅದೂ ಅವಳಿಗೆ ಸಹಿಸಲಾಗಲಿಲ್ಲ. ಬಾಡಿಗೆಯವರು ನೋಡುವಂತೆ ಮಾಲೀಕ ಕಲ್ಲಿಗೆ ಬಟ್ಟೆ ಕುಕ್ಕುವುದೇ? ಬೆಳಿಗ್ಗೆ ಅವನು ಗೇಟು ತೆಗೆದ ಸದ್ದಿಗೆ ಎಚ್ಚರವಾದರೆ ವಾಪಸು ಬರುವವರೆಗೆ ಅವಳಿಗೆ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಳು. ಅವನು ತಿರುವಿನಲ್ಲಿ ಕಂಡೊಡನೆ ಒಳಗೆ ಹೋಗಿ, ನೋಡಿಯೇ ಇಲ್ಲ ಎನ್ನುವಂತೆ ಪಾತ್ರೆ ಸದ್ದು ಮಾಡುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಒಂದೇ. ಈ ಮನುಷ್ಯ ಎರಡು ಕಾಲಿನ ಮೇಲೆ, ಜೀವಂತವಾಗಿ, ತನ್ನ ಕಣ್ಣ ಮುಂದೆ ಇರಬೇಕು.

ಹಾಗಿರುವಾಗ ಹಿರಿಯರ ಹಬ್ಬ ಬಂತು. ಮಹಾಲಯ ಅಮಾವಾಸ್ಯೆಯ ದಿನ ತೀರಿಕೊಂಡವರಿಗೆ ಅವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೆಲ್ಲ ಮಾಡಿ ಎಡೆ ಇಡುವುದು ಪದ್ಧತಿ. ಮಾವನವರಿಗೆ ಕಡಲೆಬೇಳೆ ಪಾಯಸ, ಕೋಳಿ ಸಾರು, ಗಣೇಶ ಬೀಡಿ, ಕೊನೆಗೊಂದು ಕ್ವಾರ್ಟರ್ ಬ್ರಾಂದಿ. ಬ್ರಾಂದಿಯ ಬಾಟಲಿಯನ್ನು ವಸಂತ್ ಹಿಂದಿನ ದಿನವೇ ತಂದು ದೇವರ ಗೂಡಿನ ಪಕ್ಕ ಇಟ್ಟಿದ್ದ. ಎಡೆ ಇಡುವ ಮಗ ಅಲ್ಲಿಯವರೆಗೆ ಬಾಯಿಗೆ ಏನೂ ಹಾಕುವಂತಿಲ್ಲ. ಮೊದಲು ಇದನ್ನೆಲ್ಲ ಬೈರಪ್ಪ ಮಾಡುತ್ತಿದ್ದ. ಕಾಲು ಹೋದ ಮೇಲೆ ಕೆಳಗೆ ಕೂರಲಾಗದೆ ಅದು ತಮ್ಮನ ಪಾಲಿಗೆ ಬಂದಿತ್ತು.

"ಅವ್ವ, ಮಾತ್ರೆ ತಗೊಂಡ್ರೆ ತಿನ್ಲೇಬೇಕು ಕಣವ್ವ" ಎಂದು ಹನುಮಂತರಾಯಪ್ಪ ಬೆಳಿಗ್ಗೆ ಒಂದು ಸಲ ಗೊಣಗಿದ.

"ಒಂದಿನ ತಿನ್ನದಿದ್ರೆ ಸತ್ತೋಯ್ತೀಯೇನ್ಲಾ?" ಎಂದಳು ಹನುಮವ್ವ. "ನಿಮ್ಮಪ್ಪ ವರ್ಸಕ್ಕೊಂದು ಸಲ ಬತ್ತಾನೆ. ನೀನು ತಿಂದು ತೇಗ್ಕೊಂಡು ಅವನ್ಗೆ ಎಡೆ ಇಕ್ತೀಯಾ?"

ಹಾಗಾದರೆ ಇವತ್ತು ಮಾತ್ರೆ ಬೇಡ ಎಂದುಕೊಂಡು ಅವನು ಹೊರಟಿದ್ದ. ಭದ್ರಮ್ಮ ಬಿಡಲಿಲ್ಲ. ಮಾತ್ರೆ ತಪ್ಪಿಸುವುದುಂಟೆ? ಬೈರಪ್ಪ ಭಾವ ಹಾಗೆಯೇ ತಪ್ಪಿಸಿ ತಪ್ಪಿಸಿ ಕಾಲು ಕಳೆದುಕೊಂಡದ್ದು. "ಮಾತ್ರೆ ಏನು ಊಟಾನಾ? ಉಪವಾಸ ಮುರಿಯಲ್ಲ, ನುಂಗಿ" ಎಂದು ತಾನೇ ಒಂದು ಗುಟುಕು ನೀರಿನ ಜೊತೆ ಅಂಗೈಗೆ ಹಾಕಿದಳು. ಅವನು ನುಂಗಿ, "ಚಿಕ್ಕಬಾಣಾವರದಿಂದ ಬಾಳೆಲೆ ತತ್ತೀನಿ" ಎಂದು ಹೋದ. ಪಂಚೆಯ ಕೆಳಗೆ ಶೂ ಇದ್ದುದನ್ನು ಯಮುನಾ ನೋಡಿದಳು, ಆದರೆ ಹಬ್ಬದ ದಿನ ಜಗಳ ಯಾಕೆ ಎಂದು ಬಾಯಿಬಿಡಲಿಲ್ಲ. ರೇಸಿನ ತಯಾರಿಗೆ ಒಂದು ದೊಡ್ಡ ಓಟ ಇವತ್ತೇ ಮುಗಿಸಬೇಕು ಎಂದು ಅವನೂ ಬಸಲಿಂಗನೂ ಮಾತಾಡಿಕೊಂಡಿದ್ದರು.

ಭದ್ರಮ್ಮ ಪಾಯಸದ ಪಾತ್ರೆಯನ್ನು ಇಳಿಸಿ, ಅಗಲವಾದ ತಟ್ಟೆ ಮುಚ್ಚಿ ಎತ್ತಿಟ್ಟು ಎಷ್ಟೋ ಹೊತ್ತಾಗಿತ್ತು. ಗೇಟಿನ ಮುಂದೆ ಆಟೋ ನಿಂತಿತು. ಯಮುನಾ, "ಅತ್ತೇ!" ಎಂದು ಕೂಗಿಕೊಂಡಳು.

ಬಸಲಿಂಗನ ಹೆಗಲಿಗೆ ಜೋತುಬಿದ್ದು ಹನುಮಂತರಾಯಪ್ಪ ಒಳಗೆ ಬಂದ. ಮೈಮೇಲೆ ಚಡ್ಡಿ, ಬನಿಯನ್ನು ಮಾತ್ರ, ಪಂಚೆ ಎಲ್ಲೋ ಹೋಗಿತ್ತು. ಕಾಲು ಒಂದು ಕಡೆ, ಮೈ ಒಂದು ಕಡೆ. ಆಟೋದವನು, "ಹಬ್ಬದ್ ದಿನ ಬೆಳಿಗ್ಗೇನೇ ಫುಲ್ ಟೈಟಾಗವ್ರೆ" ಎನ್ನುತ್ತ ನಗುತ್ತಿದ್ದ. ಬಾಡಿಗೆ ಮನೆಗಳ ಬಾಗಿಲಲ್ಲೆಲ್ಲ ತಲೆಗಳು. ಭದ್ರಮ್ಮನಿಗೆ ಭೂಮಿ ಬಾಯಿಬಿಡಬಾರದೆ ಎನಿಸಿತು.

"ಏನ್ರೀ ಇದು!" ಎಂದು ರಟ್ಟೆ ಹಿಡಿದು ಅಲ್ಲಾಡಿಸಿದಳು.

ಅವನು ಅವಳನ್ನೇ ನೋಡಿದ. "ಯಾರಮ್ಮ ನೀನು?" ಎಂದು ತೊದಲಿದ. "ಮನೆ ಖಾಲಿ ಇಲ್ಲ, ಹೋಗಮ್ಮ."

ಹನುಮವ್ವ ಎದೆ ಬಡಿದುಕೊಂಡಳು. "ಅಯ್ಯೋ ಪಾಪಿ, ನಿಮ್ಮಪ್ಪನ ಬಾಟ್ಲಿಗೇ ಕೈ ಇಕ್ಬಿಟ್ಯಾ? ಎಡೆಗೆ ಮುಂಚೇನೆ ಕುಡಿದ್ಬಿಟ್ಯಾ?"

ಅಷ್ಟರಲ್ಲಿ ಬಸಲಿಂಗ ಅವನನ್ನು ಜಗಲಿಗೆ ಒರಗಿಸಿ, ದಾರಿಯಲ್ಲಿ ಕೊಂಡಿದ್ದ ಸಕ್ಕರೆ ಪೊಟ್ಟಣ ಹರಿದು ಬಾಯಿಗೆ ಹಾಕಲು ಹೋದ. ಭದ್ರಮ್ಮ ನೋಡಿದಳು. ಸಕ್ಕರೆ! ಎತ್ತಿದ ಕೈ ಬೀಸಿ ಹೊಡೆದಳು. ಪೊಟ್ಟಣ ಹಾರಿ ಬಚ್ಚಲು ಮೋರಿಗೆ ಬಿತ್ತು.

"ಸಕ್ಕರೆ ಕಾಯ್ಲೆ ಮನುಷ್ಯಂಗೆ ಸಕ್ಕರೆ ತಿನ್ನಿಸ್ತೀಯಾ? ಕೊಲ್ಲೋಕೆ ಬಂದಿದೀಯಾ?"

"ಅಕ್ಕಾರ, ಮಾಲಕರ ಹೇಳ್ಯಾರ್ರಿ!" ಬಸಲಿಂಗ ಅಂಗಲಾಚಿದ. "ನನ್ನ ನಾಲಿಗಿ ತೊದಲಿದ್ರ ಬಾಯಾಗ ಸಕ್ರಿ ಹಾಕು, ಏನೂ ಕೇಳಬ್ಯಾಡ ಅಂತ. ಆಟೋದಾಗ ಬಾಯಿನ ತೆರೀಲಿಲ್ರಿ. ಇವ್ರು ಕುಡದಿಲ್ರಿ, ದೇವರಾಣಿ!"

ವಸಂತ್ ಒಳಗೆ ಓಡಿ ಬ್ರಾಂದಿ ಬಾಟಲಿ ತಂದ. ಮುಚ್ಚಳದ ಸೀಲು ಹಾಗೆಯೇ ಇತ್ತು, ಒಡೆದಿರಲಿಲ್ಲ. ಆಗ ಭದ್ರಮ್ಮ ಗಂಡನ ಕುತ್ತಿಗೆ ಮುಟ್ಟಿದಳು. ಬೆವರು ನೀರಿನಂತೆ ಹರಿಯುತ್ತಿತ್ತು, ಮೈ ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಕುಡಿದವರ ಮೈ ಹೀಗಿರುವುದಿಲ್ಲ.

ಯಮುನಾ ಆಗಲೇ ಕ್ಲಿನಿಕ್ಕಿಗೆ ಫೋನು ಹಚ್ಚಿದ್ದಳು. ಡಾಕ್ಟರಮ್ಮನ ದನಿ ಫೋನಿನೊಳಗಿಂದ ಎಲ್ಲರಿಗೂ ಕೇಳಿಸಿತು. "ನುಂಗ್ತಾರಾ? ನುಂಗೋ ಹಾಗಿದ್ರೆ ಮೊದ್ಲು ಸಿಹಿ ಕೊಡಿ! ಸಕ್ಕರೆ, ಬೆಲ್ಲ, ಏನಿದ್ರೆ ಅದು. ಶುಗರ್ ಪೂರ್ತಿ ಕೆಳಗೆ ಹೋಗಿದೆ. ನಿಂತ್ಕೋಬೇಡಿ!"

ಸಿಹಿ! ಈ ಮನೆಯಲ್ಲಿ ಎಲ್ಲಿಂದ ಬರಬೇಕು ಸಿಹಿ? ಬಸಲಿಂಗ ತನ್ನ ಮನೆಯಿಂದ ತರುತ್ತೇನೆಂದು ಓಡಿದ. ಹನುಮಂತರಾಯಪ್ಪನ ಕಣ್ಣು ಮೇಲಕ್ಕೆ ಹೊರಳಿತು. ಭದ್ರಮ್ಮ ಅಡುಗೆಮನೆಗೆ ನುಗ್ಗಿ, ಪಾಯಸದ ಮೇಲಿನ ತಟ್ಟೆ ಎಸೆದು, ತೆಳ್ಳನೆಯ ಬೆಲ್ಲದ ರಸವನ್ನು ಲೋಟಕ್ಕೆ ಬಗ್ಗಿಸಿಕೊಂಡಳು.

"ಲೇ, ಮೀಸ್ಲು ಕಣೇ! ಎಡೆಗಿಕ್ಕೋ ಮುಂಚೆ ಮುಟ್ಬ್ಯಾಡ!" ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

ಮದುವೆಯಾಗಿ ಬಂದ ದಿನದಿಂದ ಭದ್ರಮ್ಮ ಅತ್ತೆಯ ಮಾತು ಮೀರಿದವಳಲ್ಲ. "ಎಡೆ ಇಡೋಕೆ ಮಗ ಉಳೀಬೇಕಲ್ಲತ್ತೆ!" ಎಂದು ಚೀರಿ, ಮುದುಕಿಯನ್ನು ಪಕ್ಕಕ್ಕೆ ಸರಿಸಿ ಹೋದಳು.

ಮೊದಲ ಗುಟುಕನ್ನು ಅವನು ಅವಳ ಮುಖಕ್ಕೇ ಉಗಿದ. ಎರಡನೆಯದನ್ನು ಬೆರಳಲ್ಲಿ ಅದ್ದಿ ಕೆನ್ನೆಯ ಒಳಗೆ ಸವರಿದಳು. "ನುಂಗಿ, ನಮ್ಮಪ್ಪಾ, ನುಂಗಿ" ಎನ್ನುತ್ತ ತೊಟ್ಟು ತೊಟ್ಟಾಗಿ ಬಿಟ್ಟಳು. ಗಂಟಲು ಕದಲಿತು. ಮತ್ತೆ ಕದಲಿತು. ಬಸಲಿಂಗ ಸಕ್ಕರೆ ತಂದು ಕಲಸಿದ, ಅದನ್ನೂ ಕುಡಿಸಿದರು. ಸ್ವಲ್ಪ ಹೊತ್ತಿನಲ್ಲಿ ಹನುಮಂತರಾಯಪ್ಪ ಕಣ್ಣು ಉಜ್ಜಿಕೊಂಡು ಸುತ್ತ ನೋಡಿದ.

"ಯಾಕೆ ಎಲ್ರೂ ಹಿಂಗ್ ನಿಂತಿದೀರಾ?" ಎಂದ. ಆಮೇಲೆ ತುಟಿ ನೆಕ್ಕಿ, "ಬೆಲ್ಲ ಜಾಸ್ತಿ ಹಾಕಿದೀಯ" ಎಂದ.

ಭದ್ರಮ್ಮ ಅವನ ಭುಜಕ್ಕೆ ಎರಡು ಬಾರಿಸಿ, ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತಳು. ಹನುಮವ್ವ ಯಮುನಾಳನ್ನು ಕರೆದು, "ಇನ್ನೊಂದ್ ಪಾಯ್ಸ ಮಾಡವ್ವ" ಎಂದಳು. "ಆ ಮನುಷ್ಯ ಕಾಯ್ತಾನೆ. ಇದ್ದಾಗ್ಲೂ ಒಂದಿನಾನಾದ್ರೂ ನಾನು ಹೊತ್ತಿಗೆ ಸರ್ಯಾಗಿ ಊಟ ಇಕ್ಕಿದ್ದಿಲ್ಲ."

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಬೈದರು. ಮಾತ್ರೆ ಸಕ್ಕರೆಯನ್ನು ಇಳಿಸುತ್ತೆ, ಓಟವೂ ಇಳಿಸುತ್ತೆ, ಉಪವಾಸವೂ ಇಳಿಸುತ್ತೆ, ಮೂರನ್ನೂ ಒಂದೇ ದಿನ ಮಾಡಿದರೆ ಮನುಷ್ಯ ಉಳಿಯುತ್ತಾನೆಯೇ? "ಓಡ್ಬೇಡಿ ಅಂತ ನಾನು ಹೇಳಲ್ಲ. ನಿಮ್ಮ ಕಾಲು ಚೆನ್ನಾಗಿರೋದೇ ಅದರಿಂದ. ತಿನ್ನದೆ ಓಡ್ಬೇಡಿ ಅಂತೀನಿ. ದೂರ ಓಡೋ ದಿನ ಮಾತ್ರೆ ಎಷ್ಟು ಅಂತ ನನ್ನ ಕೇಳಿ. ಮಾತು ತೊದಲಿದ್ರೆ, ಹೆಸ್ರು ಕೇಳಿದ್ರೆ ತಡಬಡಾಯಿಸಿದ್ರೆ ತಕ್ಷಣ ಸಿಹಿ. ಹೋದ ತಿಂಗಳೇ ಇದನ್ನೆಲ್ಲ ಹೇಳಿದ್ದೆನಲ್ಲ, ಹನುಮಂತರಾಯಪ್ಪ?"

ಹೋದ ತಿಂಗಳು! ಮನೆಯ ಹೊಸ್ತಿಲು ದಾಟಿದ ಮೇಲೆ ಭದ್ರಮ್ಮನಿಗೆ ತಡೆಯಲಾಗಲಿಲ್ಲ.

"ಬಾಡಿಗೆಯೋನಿಗೆ ಹೇಳಿದ್ರಿ. ಕಟ್ಕೊಂಡೋಳಿಗೆ ಹೇಳ್ಲಿಲ್ಲ. ಸಕ್ಕರೆ ಕೊಡೋಕೆ ಬಂದೋನ ಕೈಗೆ ಹೊಡ್ದೆನಲ್ರೀ ನಾನು! ಇನ್ನೊಂದ್ ಗಳಿಗೆ ತಡವಾಗಿದ್ರೆ? ನನ್ನ ಕೈಯಾರೆ ಮಾತ್ರೆ ಕೊಟ್ಟು, ನನ್ನ ಕೈಯಾರೆ ಸಕ್ಕರೆ ಕಿತ್ತೆಸ್ದು ನಿಮ್ಮನ್ನ ಕೊಂದ್ಬಿಡ್ತಿದ್ದೆ!"

"ಹೇಳಿದ್ರೆ ನೀನು ಓಡೋಕೆ ಬಿಡ್ತಿದ್ಯಾ?"

"ಬಿಡ್ತಿರ್ಲಿಲ್ಲ."

"ಅದಕ್ಕೇ ಹೇಳ್ಲಿಲ್ಲ."

ಅವನೇ ಶೂಗಳನ್ನು ತೆಗೆದು ಮಂಚದ ಕೆಳಗೆ ತಳ್ಳಿ, "ಬಿಡು, ಇನ್ನು ಓಡಲ್ಲ. ಸಾಕಾ?" ಎಂದ.

ಸಾಕಾಗಬೇಕಿತ್ತು. ತಿಂಗಳುಗಟ್ಟಲೆ ಅವಳು ಕೇಳಿದ್ದೇ ಅದನ್ನಲ್ಲವೇ? ಆದರೆ ಗೇಟಿನ ಸದ್ದಿಲ್ಲದ ಬೆಳಗುಗಳಲ್ಲಿ ಅವಳಿಗೆ ಇನ್ನಷ್ಟು ಬೇಗ ಎಚ್ಚರವಾಗತೊಡಗಿತು. ಹನುಮಂತರಾಯಪ್ಪ ಎದ್ದು, ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಅಣ್ಣನ ಬಾಗಿಲಿಗೆ ಹೋಗಿ ಪಕ್ಕದಲ್ಲಿ ಹಾಕಿಕೊಂಡು ಕೂರುತ್ತಿದ್ದ. ಅಣ್ಣ ತಮ್ಮ ಇಬ್ಬರೂ ಲಾರಿ ನೋಡುತ್ತಿದ್ದರು. ಮನೆಗೆ ಬಂದರೆ ಸಾರಿಗೆ ಉಪ್ಪಿಲ್ಲ ಎಂದು ರೇಗುತ್ತಿದ್ದ, ವಸಂತನ ಟೆಂಪೋ ನಿಲ್ಲಿಸಿದ್ದು ಸರಿಯಿಲ್ಲ ಎಂದು ರೇಗುತ್ತಿದ್ದ. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಮತ್ತೆ ಏರಿತ್ತು.

ದೀಪಾವಳಿ ಕಳೆದ ಒಂದು ಬೆಳಿಗ್ಗೆ ಭದ್ರಮ್ಮ ಗಂಡನನ್ನು ಕಾಫಿಗೆ ಕರೆಯಲು ಹೋದಾಗ ಓರಗಿತ್ತಿ ವೆಂಕಟಮ್ಮ ಬೈರಪ್ಪನ ಮೋಟುಕಾಲಿಗೆ ಬಟ್ಟೆ ಸುತ್ತುತ್ತಿದ್ದಳು. ತಲೆಯೆತ್ತದೆ ಹೇಳಿದಳು. "ದಿನಾ ಯಾಕ್ ಹೊತ್ಕೊಂಡ್ ಬರ್ಬೇಕು ಭದ್ರಿ? ಆ ಕುರ್ಚೀನೂ ಇಲ್ಲೇ ಇರ್ಲಿ ಬಿಡು."

ವೆಂಕಟಮ್ಮ ಕೊಂಕಿಗೆ ಹೇಳಿದ್ದಲ್ಲ. ಇಬ್ಬರಿಗೂ ಒಳ್ಳೆಯ ಜೊತೆಯಾಯಿತು ಎಂದೇ ಹೇಳಿದ್ದು. ಭದ್ರಮ್ಮ ಮಾತ್ರ ಆ ಕುರ್ಚಿಗಳನ್ನೇ ನೋಡಿದಳು. ಎರಡು ಕುರ್ಚಿ, ಮೂರು ಕಾಲು. ನಾಳೆ ಎಷ್ಟೋ!

"ಏಳಿ ಮೇಲೆ" ಎಂದಳು.

"ಯಾಕೆ?"

"ಏಳೀಂದ್ರೆ ಏಳಿ! ಇಲ್ಲಿ ಕೂರೋಕಲ್ಲ ನಾನು ನಿಮಗೆ ಪಾಯಸ ಕುಡಿಸಿದ್ದು." ಕೂತಿದ್ದವನ ಕೆಳಗಿನಿಂದಲೇ ಕುರ್ಚಿ ಎಳೆದುಕೊಂಡಳು. "ಓಡಿ. ಆದ್ರೆ ಬಸಲಿಂಗಂಗೆ ಹೇಳಿದ್ದೆಲ್ಲ ನನಗೂ ಹೇಳ್ಬೇಕು. ಏನ್ ತಿನ್ಬೇಕು, ಯಾವಾಗ ತಿನ್ಬೇಕು, ಮಾತ್ರೆ ಎಷ್ಟು, ಎಲ್ಲಾ. ಒಂದು ಮುಚ್ಚಿಟ್ರೂ ಆ ಶೂನ ಒಲೆಗಿಡ್ತೀನಿ."

ಅವತ್ತು ಸಂಜೆ ಭದ್ರಮ್ಮ ತಾನೇ ಅಂಗಡಿಗೆ ಹೋಗಿ ಸಕ್ಕರೆ ತಂದು ಕಣ್ಣಿಗೆ ಕಾಣುವಲ್ಲಿ ಇಟ್ಟಳು. ಮೊದಲ ಚಮಚ ಯಮುನಾಳ ಕಾಫಿಗೆ ಹೋಯಿತು.

ರೇಸು ಡಿಸೆಂಬರಿನಲ್ಲಿತ್ತು. ವಸಂತನ ಟೆಂಪೋದಲ್ಲಿ ಹೋಗಿ ಭದ್ರಮ್ಮ ಓಟದ ಕೊನೆಯ ದಾರಿಯಲ್ಲಿ, ಹಗ್ಗ ಕಟ್ಟಿದ್ದ ಕಡೆ ಬೆಲ್ಲದ ನೀರಿನ ಬಾಟಲಿ ಹಿಡಿದು ನಿಂತಳು. ಬಣ್ಣ ಬಣ್ಣದ ಬನಿಯನ್ನಿನವರು ನೂರಾರು ಜನ ಹೋದರು. ಅವರಲ್ಲಿ ಮುದುಕರೂ ಇದ್ದರು, ಹೆಂಗಸರೂ ಇದ್ದರು. ಬಸಲಿಂಗ ಓಡುತ್ತಲೇ ಕೈ ಬೀಸಿ, "ಹಿಂದ ಬರಾಕತ್ತಾರ್ರಿ ಅಕ್ಕಾರ" ಎಂದ. ಬರಲಿಲ್ಲ. ಬಿಸಿಲು ಏರಿತು, ರಸ್ತೆ ತೆರವಾಗತೊಡಗಿತು. "ಹೋಗಿ ನೋಡೋ, ವಸಂತ" ಎಂದು ಅವಳು ಮಗನ ತೋಳು ಚಿವುಟತೊಡಗಿದಳು.

ಆಗ ಕಂಡ. ಮೈಯೆಲ್ಲ ಬೆವರು, ಅರ್ಧ ಓಟ, ಅರ್ಧ ನಡಿಗೆ. ಭದ್ರಮ್ಮ ಹಗ್ಗದ ಕೆಳಗೆ ನುಸುಳಿ ನಡುರಸ್ತೆಯಲ್ಲಿ ಅಡ್ಡ ನಿಂತಳು. "ಮೇಡಂ, ಒಳಗೆ ಬರ್ಬಾರ್ದು!" ಎಂದು ಕಾವಲಿನವನು ಕೂಗಿದ. ಅವಳು ತಿರುಗಿಯೂ ನೋಡಲಿಲ್ಲ.

"ನಿಮ್ ಹೆಸ್ರೇನು?"

"ಹನುಮಂತರಾಯಪ್ಪ. ದಾರಿ ಬಿಡೇ."

"ಮನೆ ಎಲ್ಲಿ?"

"ನಾಗಸಂದ್ರ. ಬಿಡೇ ಅಂದ್ರೆ! ದಾರೀಲಿ ಎರಡ್ ಸಲ ಗ್ಲೂಕೋಸ್ ಕುಡ್ದಿದೀನಿ."

"ನಾನ್ಯಾರು?"

ಅವನು ಏದುಸಿರಿನ ನಡುವೆ ಹಿಂದೆ ಮುಂದೆ ನೋಡಿದ. ಹೆಂಡತಿಯ ಹೆಸರನ್ನು ನಾಲ್ಕು ಜನರ ಮುಂದೆ ಕರೆಯುವುದು ಅವರ ಕಡೆ ರೂಢಿಯಲ್ಲ. ಮನೆಯೊಳಗೂ 'ಲೇ', 'ಇವಳೇ', 'ವಸಂತನವ್ವ' ಎಂದೇ ಅವನ ಸಂಸಾರ ನಡೆದಿತ್ತು. "ನೀನು ನನ್ನ..." ಎಂದು ನಾಚಿ ನಿಲ್ಲಿಸಿದ.

ತಡಬಡಾಯಿಸುತ್ತಿದ್ದಾರೋ, ನಾಚುತ್ತಿದ್ದಾರೋ? ಅವಳು ಬಾಟಲಿಯ ಮುಚ್ಚಳಕ್ಕೆ ಕೈ ಹಾಕಿದಳು. "ಹೆಸ್ರು ಹೇಳಿ! ಹೇಳೋ ತನಕ ಬಿಡಲ್ಲ!"

"ಭದ್ರಮ್ಮ!" ಎಂದು ಅವನು ರಸ್ತೆಗೆಲ್ಲ ಕೇಳುವಂತೆ ಕೂಗಿದ. "ಭದ್ರಮ್ಮ, ಭದ್ರಮ್ಮ, ಭದ್ರಮ್ಮ! ಸಾಕೇನೇ?"

ಹಗ್ಗದಾಚೆ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಭದ್ರಮ್ಮನಿಗೆ ಅಳುವೂ ಬಂತು, ನಗುವೂ ಬಂತು. ಆದರೂ ಎರಡು ಗುಟುಕು ಬೆಲ್ಲದ ನೀರು ಕುಡಿಸದೆ ಬಿಡಲಿಲ್ಲ.

"ಈಗ ಓಡಿ" ಎಂದು ದಾರಿ ಬಿಟ್ಟಳು.